ಅಂಗಡಿಯ ಬಾಗಿಲವರೆಗೆ ಹೋಗಿ ಹಿಂತಿರುಗುತ್ತೇನೆ, ಏನು ಮಾಡಲಿ?

ಪ್ರಶ್ನೆ: ನನಗೆ 34 ವರ್ಷ. ಗದಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿದ್ದೇವೆ. ಪತಿ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಾರೆ. ಮೂರು ವರ್ಷಗಳಿಂದ ಶೇಂಗಾ, ಅಗಸಿ, ಗುರೆಳ್ಳಿನ ಚಟ್ನಿಪುಡಿ ಮಾಡಿ ನಮ್ಮ ಓಣಿಯಲ್ಲಿ ಮತ್ತು ಸ್ವಸಹಾಯ ಸಂಘದ ಹೆಂಗಸರಿಗೆ ಮಾರುತ್ತಿದ್ದೇನೆ. ತಿಂದವರೆಲ್ಲ ಮತ್ತೆ ಕೇಳಿ ಒಯ್ಯುತ್ತಾರೆ. ಅಂಗಡಿಗಳಿಗೆ ಹಾಕಬೇಕು, ಇಬ್ಬರಿಗೆ ಕೆಲಸ ಕೊಡುವಷ್ಟು ಬೆಳೆಯಬೇಕು ಎಂಬ ಆಸೆ. ಕಳೆದ ದೀಪಾವಳಿಯ ನಂತರ ಧೈರ್ಯ ಮಾಡಿ ಒಂದು ದೊಡ್ಡ ಕಿರಾಣಿ ಅಂಗಡಿಗೆ ಹೋದೆ. ಮಾಲೀಕರು ತಲೆ ಎತ್ತಲಿಲ್ಲ. ಪ್ಯಾಕೆಟ್ಟನ್ನು ಕೈಯಿಂದ ಈಚೆ ತಳ್ಳಿ, "ಇಂಥವು ದಿನಾ ಬರುತ್ತವೆ, ನಡೆಯಿರಿ" ಎಂದರು. ನನ್ನ ಮಗಳ ಟೀಚರ್ ಅಲ್ಲೇ ಸಕ್ಕರೆ ತೂಗಿಸುತ್ತ ನಿಂತಿದ್ದರು. ಅಂದಿನಿಂದ ಯಾವ ಅಂಗಡಿಗೆ ಹೋದರೂ ಎದೆ ಹೊಡೆದುಕೊಳ್ಳುತ್ತದೆ. ಚೀಲದೊಳಗಿನ ಪ್ಯಾಕೆಟ್ ತೆಗೆಯಲು ಆಗುವುದೇ ಇಲ್ಲ. ಸುಮ್ಮನೆ ಹೋದೆ ಎನಿಸಬಾರದೆಂದು ಒಂದು ಬೆಂಕಿಪೊಟ್ಟಣ ಕೊಂಡು ಮನೆಗೆ ಬರುತ್ತೇನೆ. ಮನೆಯಲ್ಲಿ ಈಗ ಬೆಂಕಿಪೊಟ್ಟಣದ ರಾಶಿಯೇ ಇದೆ. ಮುದ್ರಾ ಸಾಲದ ಅರ್ಜಿ ತುಂಬಿ ಟ್ರಂಕಿನಲ್ಲಿಟ್ಟಿದ್ದೇನೆ, ಬ್ಯಾಂಕಿಗೆ ಕೊಟ್ಟಿಲ್ಲ. ಮೊಬೈಲಿನಲ್ಲಿ ಪ್ರೇರಣೆಯ ಭಾಷಣ ಕೇಳಿದಾಗ ಹುರುಪು ಬರುತ್ತದೆ, ಅಂಗಡಿಯ ಮುಂದೆ ಇಳಿದುಹೋಗುತ್ತದೆ. ನನಗೆ ಆತ್ಮವಿಶ್ವಾಸವೇ ಇಲ್ಲ ಎನ್ನುತ್ತಾರೆ ಪತಿ. ಇದು ಕಾಯಿಲೆಯೇ? ಮಾತ್ರೆ ಇದೆಯೇ? (ಪತ್ರವನ್ನು ಸಂಕ್ಷೇಪಿಸಿ, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಉತ್ತರ: ನಿಮ್ಮ ಪೂರ್ತಿ ಪತ್ರದಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಚಟ್ನಿಪುಡಿಯ ಬೆಲೆ ಎಷ್ಟು, ಅಂಗಡಿಯವರಿಗೆ ಎಷ್ಟು ಬಿಡುತ್ತೀರಿ, ಎಷ್ಟು ದಿನ ಕೆಡದೆ ಉಳಿಯುತ್ತದೆ ಎಂಬ ಒಂದು ಮಾತೂ ಅದರಲ್ಲಿಲ್ಲ. ಆ ಟೀಚರ್ ಮಾತ್ರ ಮತ್ತೆ ಮತ್ತೆ ಬರುತ್ತಾರೆ. ಅವರು ಏನೂ ಅನ್ನಲಿಲ್ಲ, ನಗಲಿಲ್ಲ, ನೋಡಿದರು ಅಷ್ಟೆ ಎಂದು ನೀವೇ ಬರೆದಿದ್ದೀರಿ. ವ್ಯಾಪಾರದ ಲೆಕ್ಕದಲ್ಲಿ ಅಂದು ನಿಮಗೆ ಒಂದು ರೂಪಾಯಿಯೂ ನಷ್ಟವಾಗಲಿಲ್ಲ. ಪ್ಯಾಕೆಟ್ ನಿಮ್ಮ ಚೀಲಕ್ಕೇ ಮರಳಿತು. ಕಳೆದುಹೋದದ್ದು ಮರ್ಯಾದೆ ಎಂದು ನಿಮಗೆ ಅನಿಸಿದೆ. ಮೊದಲು ಅದನ್ನೇ ಮಾತಾಡೋಣ, ಅಂಗಡಿಯ ವಿಷಯ ಆಮೇಲೆ.

ನಾಲ್ಕು ಜನರೆದುರು ಕೈಯಿಂದ ತಳ್ಳಿಸಿಕೊಂಡರೆ ನೋವಾಗುತ್ತದೆ. "ಅದಕ್ಕೆಲ್ಲ ಬೇಜಾರು ಮಾಡಿಕೊಳ್ಳಬಾರದು" ಎನ್ನುವವರ ಮಾತು ನನಗೆ ಎಂದೂ ಹಿಡಿಸಿಲ್ಲ. 2003ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಮೂವರು ಚೆಂಡು ಎಸೆದಾಡುವ ಆಟ. ನಡುವೆ ಉಳಿದಿಬ್ಬರು ಒಬ್ಬರಿಗೆ ಚೆಂಡು ಕೊಡುವುದನ್ನೇ ನಿಲ್ಲಿಸುತ್ತಾರೆ. ಹೀಗೆ ಹೊರಗುಳಿದವರ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ದೇಹದ ನೋವಿನ ಸಂಕಟಕ್ಕೆ ಸಂಬಂಧಿಸಿದ ಒಂದು ಭಾಗ ಹೆಚ್ಚು ಚುರುಕಾಗಿದ್ದುದು ಕಂಡಿತು. ಮನಸ್ಸಿನ ನೋವು, ಮೈ ನೋವು ಎರಡೂ ಒಂದೇ ಎಂದು ಇದರಿಂದ ತೀರ್ಮಾನಿಸುವಂತಿಲ್ಲ; ಆ ಬಗ್ಗೆ ವಿಜ್ಞಾನಿಗಳಲ್ಲಿ ಇಂದಿಗೂ ಚರ್ಚೆಯಿದೆ. ಆದರೂ ಮುಖ ನೋಡದವರು ಚೆಂಡು ಕೊಡದಿದ್ದರೇ ಮನುಷ್ಯನಿಗೆ ಚುಚ್ಚುತ್ತದೆ ಎಂಬುದು ಗಟ್ಟಿಯಾದ ಮಾತು. ನಿಮಗೆ ನೋವಾಗಿದ್ದು ದೌರ್ಬಲ್ಯವಲ್ಲ. ತೊಂದರೆ ಶುರುವಾಗಿದ್ದು ಆ ನಂತರ, ಬೆಂಕಿಪೊಟ್ಟಣದಿಂದ.

ಅಂಗಡಿ ಹತ್ತಿರವಾದಂತೆ ನಿಮ್ಮ ಎದೆಬಡಿತ ಏರುತ್ತದೆ. "ಒಂದು ಬೆಂಕಿಪೊಟ್ಟಣ ಕೊಡಿ" ಎಂದ ಕೂಡಲೇ ಉಸಿರು ಸಡಿಲವಾಗುತ್ತದೆ. ಹೊರಗೆ ಬಂದಾಗ ಹಾಯೆನಿಸುತ್ತದೆ. ಈ ಹಾಯೆನಿಸುವಿಕೆಯೇ ಭಯಕ್ಕೆ ಸಿಗುವ ಕೂಲಿ. "ತಪ್ಪಿಸಿಕೊಂಡೆ, ಬದುಕಿದೆ" ಎಂದು ಮನಸ್ಸು ಪಾಠ ಕಲಿಯುತ್ತದೆ. ಕೇಳಿದ್ದರೆ ಏನಾಗುತ್ತಿತ್ತು ಎಂಬುದು ಅದಕ್ಕೆ ಗೊತ್ತಾಗುವುದೇ ಇಲ್ಲ. ಮುಂದಿನ ಸಲ ಅದು ಇನ್ನೂ ಬೇಗ, ಇನ್ನೂ ಜೋರಾಗಿ ಎಚ್ಚರಿಸುತ್ತದೆ. ದೀಪಾವಳಿಯ ನಂತರ ನಿಮ್ಮನ್ನು ಯಾರೂ ನಿರಾಕರಿಸಿಯೇ ಇಲ್ಲ, ಏಕೆಂದರೆ ನೀವು ಯಾರನ್ನೂ ಕೇಳಿಲ್ಲ. ಆದರೂ ಭಯ ತಿಂಗಳಿಂದ ತಿಂಗಳಿಗೆ ಬಲಿತಿದೆ. ಅದನ್ನು ಸಾಕುತ್ತಿರುವುದು ಆ ಮಾಲೀಕರಲ್ಲ, ಪ್ರತಿ ಸಲ ಸಿಗುವ ಈ ಬಿಡುಗಡೆ.

ನಿಮ್ಮ ಪತಿಯ ಮಾತಿಗೆ ಬರುತ್ತೇನೆ. ಆತ್ಮವಿಶ್ವಾಸ ಮೊದಲು ಬರಬೇಕು, ಆಮೇಲೆ ಕೆಲಸ ಎಂದು ಬಹಳ ಜನ ನಂಬಿದ್ದಾರೆ. ಪ್ರೇರಣೆಯ ಭಾಷಣಗಳ ವ್ಯಾಪಾರ ನಡೆಯುವುದೂ ಈ ನಂಬಿಕೆಯ ಮೇಲೆಯೇ. ನಾನು ಕಂಡಂತೆ ಕ್ರಮ ತಿರುಗುಮುರುಗು: ಎದೆ ಹೊಡೆದುಕೊಳ್ಳುತ್ತಿರುವಾಗಲೇ ಕೇಳಬೇಕು, ಕೇಳುತ್ತ ಹೋದ ಹಾಗೆ ಎದೆಬಡಿತ ಇಳಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ ತಮ್ಮ 19ನೆಯ ವಯಸ್ಸಿನ ಒಂದು ಪ್ರಸಂಗವನ್ನು ಆಗಾಗ ಹೇಳುತ್ತಿದ್ದರು. ಹೆಣ್ಣುಮಕ್ಕಳೊಡನೆ ಮಾತಾಡಲು ಅವರಿಗೆ ವಿಪರೀತ ಭಯ. ನ್ಯೂಯಾರ್ಕಿನ ಬ್ರಾಂಕ್ಸ್ ಸಸ್ಯೋದ್ಯಾನದಲ್ಲಿ ಒಂದು ತಿಂಗಳು, ಬೆಂಚಿನ ಮೇಲೆ ಒಂಟಿಯಾಗಿ ಕುಳಿತವರೊಡನೆ ಮಾತು ತೆಗೆದೇ ತೀರುವುದೆಂದು ಶಪಥ ಮಾಡಿದರು. ಎಷ್ಟೋ ಮಂದಿ ಎದ್ದು ಹೋದರು, ನೂರರಷ್ಟು ಮಂದಿ ಮಾತಾಡಿದರು, ಒಬ್ಬರು ಮತ್ತೆ ಭೇಟಿಯಾಗುವುದಾಗಿ ಹೇಳಿ ಬರಲೇ ಇಲ್ಲ. ಫಲ ಸೊನ್ನೆ, ಆದರೆ ಯಾರೂ ಹೊಡೆಯಲಿಲ್ಲ, ಪೊಲೀಸರನ್ನು ಕರೆಯಲಿಲ್ಲ, ಭಯ ಮಾತ್ರ ಹೋಯಿತು. (ಇಂದು ಯಾರಾದರೂ ಹೀಗೆ ಅಪರಿಚಿತ ಹೆಂಗಸರ ಪಕ್ಕ ಹೋಗಿ ಕುಳಿತರೆ ನಾನಂತೂ ಬೆಂಬಲಿಸುವುದಿಲ್ಲ.) 1950ರ ದಶಕದಲ್ಲಿ ಎಲ್ಲಿಸ್ ರೂಪಿಸಿದ ಚಿಕಿತ್ಸಾ ಪದ್ಧತಿ, ಇಂದು ನಾವು ಸಿಬಿಟಿ ಎಂದು ಕರೆಯುವ, ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಮಾತಿನ ಚಿಕಿತ್ಸೆಯ ಬುನಾದಿಗಳಲ್ಲಿ ಒಂದು.

ಇನ್ನು ಟೀಚರ್. "ಅವರು ಶಾಲೆಯಲ್ಲಿ ಎಲ್ಲರಿಗೂ ಹೇಳಿರಬಹುದು" ಎಂದಿದ್ದೀರಿ. 2000ದಲ್ಲಿ ಪ್ರಕಟವಾದ, ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ತಂಡದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರವಾಗುವಂಥ ಚಿತ್ರವಿದ್ದ ಟಿ ಶರ್ಟ್ ತೊಡಿಸಿ, ಜನ ಕುಳಿತಿದ್ದ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಚಿತ್ರವನ್ನು ಗಮನಿಸಿರುತ್ತಾರೆ ಎಂಬುದು ತೊಟ್ಟವರ ಅಂದಾಜು. ನಿಜಕ್ಕೂ ಗಮನಿಸಿದವರು ಕಾಲು ಭಾಗದ ಆಸುಪಾಸು. ಸಕ್ಕರೆ ತೂಗಿಸುವವರ ಕಣ್ಣು ಸಾಮಾನ್ಯವಾಗಿ ತಕ್ಕಡಿಯ ಮೇಲಿರುತ್ತದೆ. ಸಣ್ಣ ಊರಿನಲ್ಲಿ ಮಾತು ಹರಡುವುದಿಲ್ಲ ಎಂದು ನಾನು ಹೇಳಲಾರೆ, ಹರಡುತ್ತದೆ. ಆದರೆ "ಆಕೆ ಚಟ್ನಿಪುಡಿ ಮಾರಲು ಬಂದಿದ್ದಳು" ಎಂಬ ಸುದ್ದಿ ಹರಡಿದರೆ ನಿಮಗೆ ಬರುವ ನಷ್ಟವೇನು? ನಾಲ್ಕು ಗಿರಾಕಿಗಳಾದರೂ ಸಿಕ್ಕಾರು.

ಕೇಳಿದರೆ ಇಲ್ಲವೆಂದೇ ಅನ್ನುತ್ತಾರೆ ಎಂಬ ಖಾತ್ರಿಯನ್ನೂ ಪರೀಕ್ಷಿಸಬೇಕು. 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, 5 ಜನ ಅಪರಿಚಿತರಿಂದ ಒಂದು ಪ್ರಶ್ನಾವಳಿ ತುಂಬಿಸಲು ಸುಮಾರು 20 ಜನರನ್ನು ಕೇಳಬೇಕಾದೀತು ಎಂದು ಭಾಗವಹಿಸಿದವರು ಅಂದಾಜಿಸಿದ್ದರು. 10ರ ಆಸುಪಾಸಿನಲ್ಲಿ ಕೆಲಸ ಮುಗಿಯಿತು. ಇದನ್ನು ನಿಮ್ಮ ವ್ಯಾಪಾರಕ್ಕೆ ನೇರವಾಗಿ ಅನ್ವಯಿಸಬೇಡಿ. ಅದು ಎದುರಿಗೆ ನಿಂತು ಕೇಳಿದ ಸಣ್ಣ ಉಪಕಾರ. ಅಂಗಡಿಯವರು ನಿಮ್ಮ ಪ್ಯಾಕೆಟ್ಟಿಗೆ ಜಾಗ ಕೊಟ್ಟರೆ ಇನ್ನೊಬ್ಬರ ಪ್ಯಾಕೆಟ್ಟನ್ನು ತೆಗೆಯಬೇಕು. ಹೆಚ್ಚಿನವರು ಬೇಡ ಎನ್ನುವ ಸಾಧ್ಯತೆಯೇ ಹೆಚ್ಚು. ನಾನು ಹೇಳಬೇಕೆಂದಿರುವುದು ಇಷ್ಟೇ: ಭಯಪಟ್ಟವರ ಅಂದಾಜು ಯಾವಾಗಲೂ ಒಂದೇ ದಿಕ್ಕಿಗೆ ವಾಲಿರುತ್ತದೆ.

ಈ ಹಂತದಲ್ಲಿ ಮನಶ್ಶಾಸ್ತ್ರವನ್ನು ಸ್ವಲ್ಪ ಬದಿಗಿಡುತ್ತೇನೆ. ನಮ್ಮ ತಂದೆಯದು ಕಿರಾಣಿ ಅಂಗಡಿ. ಶಾಲೆ ಬಿಟ್ಟ ಮೇಲೆ ಗಲ್ಲಾದ ಹಿಂದೆ ಕುಳಿತು ಬೆಳೆದವನು ನಾನು. ಆ ಕಡೆಯಿಂದ ನೋಡಿದರೆ ವಿಷಯ ಬೇರೆ. ಬೆಳಿಗ್ಗೆ ಮತ್ತು ಸಂಜೆಯ ಗಿರಾಕಿ ಗದ್ದಲದಲ್ಲಿ ಮಾರಲು ಬಂದವರೆಲ್ಲ ಅಂಗಡಿಯವನಿಗೆ ಅಡ್ಡಿ. ಪ್ಯಾಕೆಟ್ ನೋಡಿದಾಗ ಅವನ ತಲೆಯಲ್ಲಿ ಓಡುವುದು ರುಚಿಯಲ್ಲ: ಮಾರಾಟವಾಗದಿದ್ದರೆ ವಾಪಸು ಒಯ್ಯುತ್ತಾರೆಯೇ, ಉದ್ರಿ ಕೊಡುತ್ತಾರೆಯೇ, ನನಗೆ ಉಳಿಯುವುದೆಷ್ಟು, ನಾಳೆ ಅಧಿಕಾರಿ ಬಂದರೆ ಈ ಪ್ಯಾಕೆಟ್ಟಿನ ಮೇಲೆ ನಂಬರ್ ಇದೆಯೇ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಸಂಖ್ಯೆ, ಎಂಆರ್‌ಪಿ, ತೂಕ, ಪದಾರ್ಥಗಳ ಪಟ್ಟಿ, ತಯಾರಿಸಿದ ದಿನಾಂಕ, ಎಷ್ಟು ದಿನದೊಳಗೆ ಬಳಸಬೇಕು, ಸಸ್ಯಾಹಾರದ ಹಸಿರು ಗುರುತು ಇವಿಲ್ಲದ ಪ್ಯಾಕೆಟ್ಟನ್ನು ಎಚ್ಚರಿಕೆಯ ವ್ಯಾಪಾರಿ ಮುಟ್ಟುವುದಿಲ್ಲ. ಶೇಂಗಾ ಪುಡಿಯಲ್ಲಿ ಎಣ್ಣೆಯಂಶ ಹೆಚ್ಚು, ಬೇಗ ಕಮಟು ವಾಸನೆ ಬರುತ್ತದೆ ಎಂಬುದೂ ಅವನಿಗೆ ಗೊತ್ತು. ನೀವು ಕಳಿಸಿದ ಚಿತ್ರದಲ್ಲಿ ಪ್ಯಾಕೆಟ್ಟಿನ ಮೇಲೆ ಹೆಸರು ಮತ್ತು ಮೊಬೈಲ್ ಸಂಖ್ಯೆ ಮಾತ್ರ ಇದೆ. ಹಾಗಾದರೆ ಆ ಮಾಲೀಕರ ನಡವಳಿಕೆ ಒರಟಾಗಿತ್ತು, ನಿರ್ಧಾರ ಬಹುಶಃ ಸರಿಯಾಗಿತ್ತು. ಇವೆರಡನ್ನು ಬೇರೆ ಮಾಡಿ ನೋಡಿದ ದಿನ ನಿಮ್ಮ ಅರ್ಧ ಭಾರ ಇಳಿಯುತ್ತದೆ. ಒಂದು ಅವರ ಸ್ವಭಾವ. ಇನ್ನೊಂದು ನೀವು ಸರಿಪಡಿಸಬಹುದಾದ ಲೇಬಲ್.

ಎಲ್ಲ ನಿರಾಕರಣೆಯೂ ಇಷ್ಟು ನಿರ್ದೋಷಿಯಲ್ಲ. ರುಚಿ ನೋಡುವ ಮೊದಲೇ "ನೀವು ಯಾವ ಪೈಕಿ?" ಎಂದು ಕೇಳುವವರಿದ್ದಾರೆ. ತಿನ್ನುವ ಪದಾರ್ಥವನ್ನು ಯಾರ ಮನೆಯಲ್ಲಿ ಮಾಡಿದ್ದು ಎಂಬುದರ ಮೇಲೆ ಬೇಕು, ಬೇಡ ನಿರ್ಧರಿಸುವ ಜಾತಿಯ ಲೆಕ್ಕ ನಮ್ಮ ಊರುಗಳಲ್ಲಿ ಸತ್ತಿಲ್ಲ. ಹೆಂಗಸು ಒಬ್ಬಳೇ ವ್ಯಾಪಾರ ಕೇಳಲು ಬಂದಳೆಂದು ಹಗುರವಾಗಿ ಮಾತಾಡುವವರೂ ಇದ್ದಾರೆ. "ಪ್ರತಿ ನಿರಾಕರಣೆಯಿಂದ ಕಲಿಯಿರಿ" ಎಂಬ ಉಪದೇಶ ಅಲ್ಲಿ ಅನ್ವಯಿಸುವುದಿಲ್ಲ. ಅಂಥ ಕಡೆ ಕಲಿಯುವುದೇನಿಲ್ಲ, ತಾಳ್ಮೆಯ ಪರೀಕ್ಷೆಯೂ ಬೇಡ. ಎದ್ದು ಬನ್ನಿ, ಬೇರೆ ಅಂಗಡಿ ನೋಡಿ.

ನೀವೇಕೆ ಇಷ್ಟು ಹಿಂಜರಿಯುತ್ತೀರಿ ಎಂಬುದಕ್ಕೆ ಬೇರನ್ನು ಬಹಳ ಆಳಕ್ಕೆ ಅಗೆಯುವ ಅಗತ್ಯ ನನಗೆ ಕಾಣುವುದಿಲ್ಲ. "ಕೈಚಾಚಬಾರದು, ಕೊಟ್ಟಷ್ಟರಲ್ಲಿ ಇರಬೇಕು" ಎಂದು ಅಜ್ಜಿ ಬೆಳೆಸಿದರೆಂದು ಬರೆದಿದ್ದೀರಿ. ಹೆಣ್ಣುಮಕ್ಕಳಿಗೆ ಇದನ್ನು ಒಳ್ಳೆಯ ಗುಣವೆಂದೇ ಕಲಿಸುತ್ತಾರೆ. ಸಾಲಕ್ಕೆ ಕೈಚಾಚುವುದು ಬೇರೆ, ಸರಕು ತೋರಿಸಿ ಬೆಲೆ ಹೇಳುವುದು ಬೇರೆ ಎಂದು ಯಾರೂ ಬಿಡಿಸಿ ಹೇಳಿರುವುದಿಲ್ಲ.

ಮುಂದಿನ ದಾರಿಗಳು. ನಾನು ಹೆಚ್ಚಾಗಿ ಸಲಹೆ ಮಾಡುವುದು ಹಂತ ಹಂತವಾಗಿ ಏರುವ ಕ್ರಮವನ್ನು. ಮೊದಲ ವಾರ ಚಟ್ನಿಪುಡಿಯನ್ನು ಮನೆಯಲ್ಲೇ ಬಿಡಿ. ನಿರಾಕರಣೆ ಬಂದರೆ ಏನೂ ಹೋಗದಂಥ ಕೋರಿಕೆ ಇಟ್ಟುಕೊಂಡು ಹೋಗಿ: ಏನೂ ಕೊಳ್ಳದೆ 500 ರೂಪಾಯಿಗೆ ಚಿಲ್ಲರೆ ಕೇಳಿ, ಅಂಗಡಿಯಲ್ಲಿ ಇಲ್ಲವೆಂದು ಗೊತ್ತಿರುವ ವಸ್ತುವನ್ನು ಕೇಳಿ, ಇಲ್ಲ ಎಂದಾಗ ಸರಿ ಎಂದು ಹೊರಗೆ ಬನ್ನಿ. ಬೆಂಕಿಪೊಟ್ಟಣ ಕೊಳ್ಳುವಂತಿಲ್ಲ, ಇದೊಂದೇ ನಿಯಮ. ಬರಿಗೈಯಲ್ಲಿ ಹೊರಬರುವುದು ಮೊದಲ ದಿನ ಮುಳ್ಳಿನಂತೆ ಚುಚ್ಚುತ್ತದೆ, ಅದೇ ಬೇಕಾಗಿರುವ ಅಭ್ಯಾಸ. ಎರಡನೆಯ ಹಂತದಲ್ಲಿ ಒಂದು ಖಾನಾವಳಿಗೆ ಸ್ವಲ್ಪ ಪುಡಿ ಒಯ್ದು, ಮಾರಾಟದ ಮಾತೆತ್ತದೆ, ರುಚಿ ನೋಡಿ ಉಪ್ಪು ಖಾರ ಹೇಗಿದೆ ಹೇಳಿ ಎಂದಷ್ಟೇ ಕೇಳಿ. ಮೂರನೆಯದು, ನಿಮ್ಮ ಗುರುತಿನವರು ಹೆಚ್ಚಾಗಿ ಬಾರದ ಬೀದಿಯ ಚಿಕ್ಕ ಅಂಗಡಿ, ಮಧ್ಯಾಹ್ನ 3 ಗಂಟೆಯ ಹೊತ್ತು, ಗಿರಾಕಿ ಕಡಿಮೆಯಿರುವಾಗ. ಆಗ ಸರಿಯಾದ ಲೇಬಲ್ ಇರುವ ಪ್ಯಾಕೆಟ್ ಕೈಯಲ್ಲಿರಲಿ.

ಪ್ರತಿ ಸಲ ಹೋಗುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಏನಾಗಬಹುದೆಂದು ಬರೆಯಿರಿ: "ಬೈಯುತ್ತಾರೆ", "ನಗುತ್ತಾರೆ". ಬಂದ ಮೇಲೆ ಪಕ್ಕದಲ್ಲಿ ಆದದ್ದನ್ನು ಬರೆಯಿರಿ, ಸಾಧ್ಯವಾದಷ್ಟು ಅವರ ಮಾತಿನಲ್ಲೇ. ನನ್ನ ಬಳಿ ಬರುವವರಲ್ಲಿ ಹಲವರಿಗೆ ಮನಸ್ಸು ತಿರುಗಿದ್ದು ನನ್ನ ಮಾತಿನಿಂದಲ್ಲ, ಈ ಎರಡು ಸಾಲುಗಳ ನಡುವಿನ ಅಂತರವನ್ನು ತಾವೇ ಓದಿಕೊಂಡಾಗ.

ಈ ಕ್ರಮದಲ್ಲಿ ಅಪಾಯವೂ ಉಂಟು. ಒಂದು ಸಲ ಮಾಡಿ, ಒಳ್ಳೆಯದಾಯಿತೆಂದು ಹದಿನೈದು ದಿನ ಬಿಟ್ಟರೆ ಭಯ ಮತ್ತೆ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಇನ್ನೊಂದು ಸೂಕ್ಷ್ಮ ಅಪಾಯ, ಹೋಗಿಯೂ ಹೋಗದ ಹಾಗೆ ಕೇಳುವುದು. ಪತಿಯನ್ನು ಜೊತೆಗೆ ನಿಲ್ಲಿಸಿಕೊಳ್ಳುವುದು, ಅವಸರದಲ್ಲಿ ಮಾತು ಮುಗಿಸುವುದು, ಕೇಳುವ ಮೊದಲೇ ಬೆಲೆ ಇಳಿಸುವುದು, "ಬೇಡವಾದರೆ ಪರವಾಗಿಲ್ಲ" ಎಂದು ನೀವೇ ಅವರ ಬಾಯಿಗೆ ಉತ್ತರ ಇಡುವುದು, ಇವೆಲ್ಲ ಬೆಂಕಿಪೊಟ್ಟಣದ ತಮ್ಮಂದಿರು. "ನೋಡಿ, ನಿಮಗೇನಾದರೂ ಆದರೆ..." ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಕೇಳಿದರೆ ಉತ್ತರವೂ ಹಾಗೇ ಬರುತ್ತದೆ. ಅದರ ಬದಲು: "ಶೇಂಗಾ ಚಟ್ನಿ 10 ಪ್ಯಾಕೆಟ್ ಇಡುತ್ತೇನೆ. ಎರಡು ವಾರ ಬಿಟ್ಟು ಬರುತ್ತೇನೆ. ಮಾರಾಟವಾದಷ್ಟಕ್ಕೆ ಹಣ ಕೊಡಿ, ಉಳಿದದ್ದನ್ನು ನಾನು ಒಯ್ಯುತ್ತೇನೆ. ಇಡಲೇ?" ಇಷ್ಟಕ್ಕೆ ಹೌದು ಅಥವಾ ಇಲ್ಲ ಎನ್ನಲೇಬೇಕು. ಇಲ್ಲ ಎಂದರೆ ಮರುಪ್ರಶ್ನೆ ಒಂದೇ: "ಏನು ಬದಲಿಸಿದರೆ ಇಟ್ಟುಕೊಳ್ಳುತ್ತೀರಿ?" ಗಂಭೀರ ವ್ಯಾಪಾರಿ ಇದಕ್ಕೆ ಉತ್ತರ ಕೊಡುತ್ತಾನೆ. ಮಾರಾಟವಾದಷ್ಟಕ್ಕೇ ಹಣ ಎಂಬ ಕರಾರಿನಲ್ಲಿ ಸರಕು ಕೆಟ್ಟರೆ ನಷ್ಟ ನಿಮ್ಮದು. ಮೊದಮೊದಲು ಎರಡು ಅಂಗಡಿಗಿಂತ ಹೆಚ್ಚು ಇಡಬೇಡಿ.

ಒಂದೇ ದಿನ ಊರಿನ ಎಲ್ಲ ಅಂಗಡಿಗಳಿಗೂ ನುಗ್ಗಿ ಭಯವನ್ನು ಮುಗಿಸಿಬಿಡುವ ಉತ್ಸಾಹ ಕೆಲವರಿಗೆ ಬರುತ್ತದೆ. ಕೆಲವರಿಗೆ ಕೆಲಸವನ್ನೂ ಮಾಡುತ್ತದೆ. ನಿಮಗೆ ಬೇಡವೆನ್ನುತ್ತೇನೆ, ಏಕೆಂದರೆ ಲೇಬಲ್ ಇಲ್ಲದ ಪ್ಯಾಕೆಟ್ ಹಿಡಿದು ಹೋದರೆ ಎಲ್ಲರೂ ಬೇಡವೆಂದಾರು, ಅದನ್ನು ನಿಮ್ಮ ಮನಸ್ಸು ನಿಮ್ಮ ಮೇಲಿನ ತೀರ್ಪೆಂದೇ ಓದೀತು.

ಮಾರುವ ಕೆಲಸವನ್ನು ಬೇರೆಯವರಿಗೆ ಕೊಡುವುದೂ ಒಂದು ದಾರಿ. ಸಂಘದಲ್ಲಿ ಮಾತು ಚುರುಕಾಗಿರುವವರು ಇದ್ದರೆ ಕಮಿಷನ್ ಮೇಲೆ ಅವರು ಮಾರಲಿ, ನೀವು ಒಲೆ ನೋಡಿಕೊಳ್ಳಿ. ಇದರಲ್ಲಿ ಅವಮಾನವೇನಿಲ್ಲ, ಎಷ್ಟೋ ಉದ್ಯಮ ಹೀಗೆಯೇ ನಡೆಯುತ್ತವೆ. ಆದರೆ ಭಯದಿಂದಾಗಿ ಈ ದಾರಿ ಹಿಡಿದರೆ, ಆ ಒಬ್ಬರು ಬಿಟ್ಟುಹೋದ ದಿನ ವ್ಯಾಪಾರವೂ ನಿಲ್ಲುತ್ತದೆ. ಒಂದೆರಡು ಅಂಗಡಿಗೆ ನೀವೇ ಹಾಕಿದ ನಂತರ ಈ ನಿರ್ಧಾರ ಮಾಡಿ.

ಟ್ರಂಕಿನಲ್ಲಿರುವ ಅರ್ಜಿಯ ಬಗ್ಗೆ ನನ್ನ ಅಭಿಪ್ರಾಯ ನಿಮಗೆ ಅಚ್ಚರಿಯೆನಿಸಬಹುದು: ಸದ್ಯ ಅಲ್ಲೇ ಇರಲಿ. ಅಂಗಡಿಯವರು ಬೇಡವೆಂದರೆ ನಿಮಗೆ ಖರ್ಚಿಲ್ಲ. ಬ್ಯಾಂಕಿನವರು ಹೌದೆಂದರೆ ಮರುತಿಂಗಳಿನಿಂದ ಕಂತು. ನಾಲ್ಕಾರು ಅಂಗಡಿಗಳಿಂದ ಮರುಬೇಡಿಕೆ ಬಂದ ಮೇಲೆ ಕೊಡಿ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ, ನಿಮಗೆ ಅಷ್ಟು ಸಾಕು. ಅರ್ಜಿ ಕೊಟ್ಟಾಗ ಸ್ವೀಕೃತಿ ಕೇಳಿ ಪಡೆಯಿರಿ. ಸಾಲ ನಿರಾಕರಿಸಿದರೆ ಮುಖ್ಯ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ "ಆಗುವುದಿಲ್ಲ" ಎಂದು ಕಳಿಸಿದರೆ, "ಕಾರಣ ಬರೆದು ಕೊಡಿ ಸರ್" ಎನ್ನಿ. ಹಳೆಯ ಸಾಲದ ಬಾಕಿಯೋ, ದಾಖಲೆಯ ಕೊರತೆಯೋ, ಏನೆಂದು ಗೊತ್ತಾದರೆ ಸರಿಪಡಿಸಬಹುದು.

ಕಾಯಿಲೆಯೇ ಎಂಬ ಪ್ರಶ್ನೆಗೆ. ಸಾಮಾಜಿಕ ಆತಂಕದ ಕಾಯಿಲೆ ಎಂಬುದೊಂದು ಇದೆ. ಸಾಮಾನ್ಯವಾಗಿ ಹದಿಹರೆಯದಲ್ಲೇ ಶುರುವಾಗುತ್ತದೆ. ಪರರೆದುರು ಮಾತಾಡುವುದು, ಉಣ್ಣುವುದು, ಸಹಿ ಹಾಕುವುದು ಕೂಡ ಕಷ್ಟವಾಗಿ, ಆರು ತಿಂಗಳಿಗೂ ಮಿಕ್ಕಿ ಬದುಕಿಗೆ ಅಡ್ಡಿಯಾಗುತ್ತದೆ. ನೀವು ಸಂತೆಯಲ್ಲಿ ಚೌಕಾಸಿ ಮಾಡುತ್ತೀರಿ, ಸಂಘದ ಸಭೆಯಲ್ಲಿ ಲೆಕ್ಕ ಓದುತ್ತೀರಿ. ಹಾಗಾಗಿ ಇದು ಒಂದು ಏಟಿನಿಂದ ಕಲಿತ, ಒಂದೇ ಬಗೆಯ ಸಂದರ್ಭಕ್ಕೆ ಅಂಟಿಕೊಂಡ ಭಯದಂತೆ ತೋರುತ್ತದೆ. ಪತ್ರ ಓದಿ ರೋಗನಿರ್ಣಯ ಮಾಡಲು ಬರುವುದಿಲ್ಲ ಎಂಬುದು ನೆನಪಿರಲಿ. ಭಯ ಸಂತೆಗೆ, ಸಂಘಕ್ಕೆ, ಮದುವೆ ಮನೆಗಳಿಗೆ ಹಬ್ಬುತ್ತಿದ್ದರೆ, ನಿದ್ದೆ, ಊಟ ಕೆಟ್ಟಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ಕಾಯಬೇಡಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ದೂರವಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮಾತ್ರೆಗಳಿವೆ, ಅಗತ್ಯವಿರುವವರಿಗೆ ಒಳ್ಳೆಯ ಫಲವನ್ನೂ ಕೊಡುತ್ತವೆ. ಕಾಯಿಲೆಯ ಮಟ್ಟಕ್ಕೆ ಹೋದ ಆತಂಕಕ್ಕೆ ಮನೋವೈದ್ಯರು ಕೊಡುವ ಮಾತ್ರೆಗಳು ಕೆಲಸ ಆರಂಭಿಸಲು ಕೆಲವು ವಾರ ಬೇಕು, ನಡುವೆ ತಾವಾಗಿ ನಿಲ್ಲಿಸುವಂತಿಲ್ಲ. ಔಷಧದ ಅಂಗಡಿಯಲ್ಲಿ "ಎದೆಬಡಿತಕ್ಕೆ ಏನಾದರೂ ಕೊಡಿ" ಎಂದು ಕೇಳಿ ತರಬೇಡಿ. ಎದೆಬಡಿತ ಇಳಿಸುವ ಕೆಲವು ಮಾತ್ರೆಗಳು ಅಸ್ತಮಾ ಇರುವವರಿಗೆ ಅಪಾಯಕಾರಿ. ತಕ್ಷಣ ನೆಮ್ಮದಿ ಕೊಡುವ ಕೆಲವು ಮಾತ್ರೆಗಳು ಚಟವಾಗುತ್ತವೆ. ಮಾತ್ರೆ ನುಂಗಿ ಅಂಗಡಿಗೆ ಹೋದರೆ, ಆದ ಕೆಲಸದ ಶ್ರೇಯಸ್ಸೂ ಮಾತ್ರೆಗೇ ಸೇರುತ್ತದೆ.

ನಿಮ್ಮ ಪತಿಗೆ ಈ ಉತ್ತರ ತೋರಿಸಿ. ಅವರು ಒಂದು ಸಹಾಯ ಮಾಡಬಹುದು. ಸಂಜೆ ಬಂದು "ಏನಾಯಿತು, ತೆಗೆದುಕೊಂಡರೇ?" ಎಂದು ಕೇಳುವ ಬದಲು "ಇಂದು ಯಾರನ್ನು ಕೇಳಿದೆ?" ಎಂದು ಕೇಳಲಿ. ಮೊದಲ ಪ್ರಶ್ನೆಗೆ ಉತ್ತರ ಅಂಗಡಿಯವರ ಕೈಯಲ್ಲಿದೆ, ಎರಡನೆಯದು ನಿಮ್ಮ ಕೈಯಲ್ಲಿ. ಅವರು ಲೆಕ್ಕ ಬರೆಯುವವರು; ಕೆಜಿಗೆ ಅಸಲು ಎಷ್ಟು ಬೀಳುತ್ತದೆ, ಅಂಗಡಿಗೆ ಎಷ್ಟು ಬಿಟ್ಟರೆ ನಿಮಗೆ ಎಷ್ಟು ಉಳಿಯುತ್ತದೆ ಎಂಬ ಪಟ್ಟಿಯನ್ನು ಈ ವಾರವೇ ಮಾಡಿಕೊಡಲಿ. ಬೆಲೆ ಬಾಯಿಗೆ ಬರುವಂತಿದ್ದರೆ ಗಲ್ಲಾದ ಮುಂದೆ ಮಾತು ತಡವರಿಸುವುದು ಕಡಿಮೆ.